ನನ್ನ ಬಾಯಿ ನೋಡುತ್ತಿದ್ದ ಹುಡುಗಿ

ಆ ಹುಡುಗಿ ನನ್ನ ಬಾಯಿಯನ್ನೇ ಯಾಕೆ ನೋಡುತ್ತಾಳೆ ಎಂದು ತಿಳಿದುಕೊಳ್ಳಲು ನನಗೆ ಎರಡು ತಿಂಗಳು ಹಿಡಿಯಿತು. ಮೊದಲ ದಿನ, ಹಲ್ಲಿನಲ್ಲಿ ಕೊತ್ತಂಬರಿ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ಮನೆಗೆ ಹೋಗಿ ಕನ್ನಡಿಯಲ್ಲಿ ಹಲ್ಲು ಕಿರಿದು ನೋಡಿದೆ, ಏನೂ ಇರಲಿಲ್ಲ. ಮರುದಿನ ಬಾಯಿ ಮುಕ್ಕಳಿಸಿಕೊಂಡೇ ಹೋದೆ. ಆಗಲೂ ನೋಡಿದಳು. ನನಗೊಂದು ಕೆಟ್ಟ ಚಟ: ಯಾವುದಾದರೂ ವಿಷಯ ‘ಯಾಕೆ ಹೀಗೆ’ ಎಂದು ತಲೆ ಹೊಕ್ಕರೆ ಅದರ ಬುಡ ಸಿಗುವತನಕ ಊಟ ರುಚಿಸುವುದಿಲ್ಲ. “ಊರ ಉಸಾಬರಿ ನಿನಗ್ಯಾಕಬೇ?” ಎಂದು ಬೀಳಗಿಯಲ್ಲಿರುವ ನನ್ನವ್ವ ಈಗಲೂ ಫೋನಿನಲ್ಲಿ ಬೈಯುತ್ತಾಳೆ.

ನಾವು ಬನಹಟ್ಟಿಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಗಂಡನಿಗೆ ಜಮಖಂಡಿಯಲ್ಲಿ ಕೆಲಸ, ಬಾಡಿಗೆ ಮನೆ ಸಿಕ್ಕಿದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ಒಕ್ಕಲುತನದ ಮನೆಯಿಂದ ಬಂದ ನನಗೆ ಆ ಸಪ್ಪಳ ಕೇಳಿ ಮೊದಲ ವಾರ ತಲೆ ಸಿಡಿದುಹೋಯಿತು. ಮನೆಗೊಂದು ಶೆಡ್ಡು, ಶೆಡ್ಡಿಗೆ ನಾಲ್ಕೋ ಆರೋ ಪಾವರ್‌ಲೂಮು, ಬೆಳಗಿನಿಂದ ರಾತ್ರಿಯತನಕ ಖಟಖಟ. ಅಂಥ ಮನೆಯಲ್ಲಿ ಮಕ್ಕಳು ಎಲ್ಲಿ ಕೂತು ಓದಬೇಕು? ಅದಕ್ಕೇ ಓಣಿಯ ಹಿರಿಯರು ಸಮುದಾಯ ಭವನದ ಹಿಂದಿನ ಕೋಣೆ ಬಿಟ್ಟುಕೊಟ್ಟು ಸಂಜೆಯ ಕಲಿಕಾ ಕೇಂದ್ರ ಶುರುಮಾಡಿದ್ದರು. ಬಿ.ಎಡ್. ಮಾಡಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನ್ನನ್ನು ಹಿಡಿದು ತಂದು ಅಕ್ಕೋರನ್ನಾಗಿ ಮಾಡಿದರು. ಇಪ್ಪತ್ತೈದು ಮಕ್ಕಳು, ಎರಡು ಜಮಖಾನೆ, ಒಂದು ಕರಿ ಹಲಗೆ. ದೊಡ್ಡ ಮಕ್ಕಳು ಸಣ್ಣವರಿಗೆ ಮಗ್ಗಿ ಹೇಳಿಕೊಡುತ್ತಿದ್ದರು. ಓದಲು ಬಾರದವರನ್ನು ನಾನು ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಳ್ಳುತ್ತಿದ್ದೆ. ಇಷ್ಟೇ ನಮ್ಮ ವೈಭವ.

ಆ ಹುಡುಗಿ ಆರನೇ ತರಗತಿ. ಅವಳನ್ನು ಕರೆತಂದದ್ದು ಅವಳಪ್ಪ. ಬಾಗಿಲಲ್ಲೇ ನಿಂತು, “ದಸರಾ ಸೂಟಿಗಿಂತ ಮೊದಲ ಪರೀಕ್ಷಾ ಐತ್ರೀ ಅಕ್ಕೋರ. ಪಾಸಾದ್ರ ಸಾಲಿ, ಇಲ್ಲಾಂದ್ರ ಸೂಟಿ ಮುಗದ ಮ್ಯಾಲೆ ಕಂಡಕಿ ಸುತ್ತಾಕ ಕುಂದರಸ್ತೀನಿ. ಮಗಳು ದಡ್ಡಿ, ಮಗಳು ದಡ್ಡಿ ಅಂತ ಕೇಳಿ ಕೇಳಿ ಸಾಕಾಗೇತಿ” ಅಂದ. ಮಗ್ಗದ ಲಾಳಿಯೊಳಗೆ ಕೂರಿಸುವ, ನೂಲು ಸುತ್ತಿದ ಸಣ್ಣ ಕೊಳವೆಯೇ ಕಂಡಕಿ. ಅದನ್ನು ಸುತ್ತಲು ಒಮ್ಮೆ ಕೂತ ಹುಡುಗಿಯರು ಮತ್ತೆ ಶಾಲೆಗೆ ಎದ್ದು ಹೋದದ್ದನ್ನು ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಆದರೆ ಹುಡುಗಿ ದಡ್ಡಿಯಲ್ಲ! ನನ್ನೆದುರು ಕೂತರೆ ಹೇಳಿದ ಶಬ್ದವನ್ನೆಲ್ಲ ಸರಿಯಾಗಿ ಬರೆಯುತ್ತಾಳೆ, ಲೆಕ್ಕ ಬಿಡಿಸುತ್ತಾಳೆ. ಮಾತು ಕಡಿಮೆ, ಆಡಿದರೆ ಗಟ್ಟಿ ದನಿ. ಆ ಓಣಿಯಲ್ಲಿ ಎಲ್ಲರದೂ ಗಟ್ಟಿ ದನಿಯೇ. ಅವಳ ಶಾಲೆಗೇ ಹೋಗಿ ಮಾಸ್ತರರನ್ನು ಕೇಳಿದೆ. ಅವರು ಅವಳ ನೋಟುಬುಕ್ಕು ತೆಗೆದು ತೋರಿಸಿದರು. ಪುಟಕ್ಕೆ ಎರಡು ಶಬ್ದ, ಮಿಕ್ಕಿದ್ದೆಲ್ಲ ಖಾಲಿ. “ನೀವು ಹೊಸಬ್ರು ಅಕ್ಕೋರ. ಆ ಹುಡುಗಿಗೆ ಕಲಸೂದಂದ್ರ ಕೋಣನ ಮುಂದ ಕಿನ್ನರಿ ಬಾರಿಸಿದಂಗ” ಎಂದರು. ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೊರಬಂದೆ.

ಹಾಗಾದರೆ ಇಲ್ಲಿ ಬರುವುದು ಅಲ್ಲಿ ಯಾಕೆ ಬರುವುದಿಲ್ಲ? ಪಕ್ಕದವಳದು ನೋಡಿ ಬರೆಯುತ್ತಾಳೇನೋ ಎಂದು ಅವಳನ್ನು ಒಬ್ಬಳನ್ನೇ ಕೂರಿಸಿದೆ. ಎಲ್ಲ ಸರಿ ಬರೆದಳು. ಕಣ್ಣು ಮಂದವಿರಬಹುದು ಎಂದು ಕಿಟಕಿಯ ಹತ್ತಿರ ನಿಲ್ಲಿಸಿ, ಆಚೆ ಬದಿಯ ಕಿರಾಣಿ ಅಂಗಡಿಯ ಬೋರ್ಡು ಓದಿಸಿದೆ. ಪಟಪಟ ಓದಿದಳು. ಒಂದು ಸಂಜೆ ನಾನು ಹಲಗೆಗೆ ಮುಖಮಾಡಿ ಸಣ್ಣವರಿಗೆ ಅಕ್ಷರ ಬರೆಯುತ್ತ, ಹಾಗೇ ದೊಡ್ಡವರಿಗೆ ಶಬ್ದ ಹೇಳುತ್ತ ಹೋದೆ. ತಿರುಗಿ ನೋಡಿದರೆ ಅವಳ ಪುಟ ಬೆಳ್ಳಗಿತ್ತು. “ನಿನ್ನಿ ಬಂದದ್ದು ಇವತ್ತ ಎಲ್ಲಿ ಹೋತು? ನನ್ನ ಮುಂದ ಆಟ ಆಡ್ತೀಯೇನಲೇ?” ಎಂದು ಎಲ್ಲರೆದುರು ಗದರಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಕಣ್ಣು ತುಂಬಿಬಂದವು.

ಮರುದಿನ ಅವಳ ಮನೆಗೆ ಹೋದೆ. ಸಮಾಧಾನ ಹೇಳುವುದು ನೆಪ, ಕೆದಕುವುದೇ ಕೆಲಸ. ಶೆಡ್ಡಿನಲ್ಲಿ ಆರು ಮಗ್ಗ ಓಡುತ್ತಿದ್ದವು. ಬಾಗಿಲಲ್ಲಿ ನಿಂತು “ಯವ್ವಾ, ಅದೀರೇನ್ರೀ?” ಎಂದು ಕೂಗಿದೆ, ನನ್ನ ದನಿ ನನಗೇ ಕೇಳಿಸಲಿಲ್ಲ. ಆ ತುದಿಯ ಮಗ್ಗದಿಂದ ಅವಳವ್ವ ನನ್ನನ್ನು ಕಂಡಳು. ಮಗಳ ಕಡೆ ತುಟಿ ಅಲ್ಲಾಡಿಸಿದಳು. ಮಗಳು ಈ ತುದಿಯಿಂದ ತುಟಿ ಅಲ್ಲಾಡಿಸಿ, ಒಂದು ಬೆರಳು ಆಡಿಸಿದಳು. ನಡುವೆ ಅಪ್ಪ ತಾನೂ ಏನೋ ಸೇರಿಸಿ ನಕ್ಕ. ಮೂವರೂ ಸದ್ದೇ ಇಲ್ಲದೆ ಹರಟೆ ಹೊಡೆಯುತ್ತಿದ್ದಾರೆ! ಸ್ವಲ್ಪ ಹೊತ್ತಿಗೆ ನನ್ನ ಕೈಗೆ ಸಕ್ಕರೆ ಹಾಕದ ಚಹಾ ಬಂತು. ನಾನು ಸಕ್ಕರೆ ಬಿಟ್ಟಿರುವುದನ್ನು ಹುಡುಗಿ ಅಷ್ಟು ದೂರದಿಂದಲೇ ಅವ್ವನಿಗೆ ಹೇಳಿದ್ದಳು. ಆ ಶೆಡ್ಡಿನಲ್ಲಿ ಏನೂ ತಿಳಿಯದ ದಡ್ಡಿ ನಾನೊಬ್ಬಳೇ.

ಚಹಾ ಕುಡಿಯುತ್ತ ಬಾಗಿಲ ಹೊರಗೆ ಅಪ್ಪನನ್ನು ಕೇಳಿದೆ, “ಇದೇನ್ರೀ ನಿಮ್ಮ ಮೂಕ ಮಾತು?”

“ಮಗ್ಗದ ಮುಂದ ಒದರಿದ್ರ ಯಾರಿಗೆ ಕೇಳ್ತೈತ್ರೀ? ಬಾಯಿ ನೋಡಿದ್ರ ತಿಳೀತೈತಿ. ನಮ್ಮ ಮಂದಿ ಎಲ್ಲಾ ಹಂಗ. ಅದ್ರಾಗ ಈಕಿ ಬಾಳ ಚುರುಕ.”

ನಾನು ಚಹಾದ ಕಪ್ಪು ಕೆಳಗಿಟ್ಟೆ. “ಈಕಿಗೆ ಕಿವಿ ಕೇಳ್ತಾವೇನ್ರೀ?”

ಅವನು ಜೋರಾಗಿ ನಕ್ಕುಬಿಟ್ಟ. “ಏನ ಕೇಳ್ತೀರಿ ಅಕ್ಕೋರ! ಮನ್ಯಾಗ ಎಲ್ಲಾರಕಿಂತ ಮೊದಲ ಅಕಿಗೇ ತಿಳೀತೈತಿ.”

ಮಗ್ಗ ನಿಲ್ಲಲಿ ಎಂದು ನಾನು ಅಲ್ಲೇ ಕೂತೆ. ಕರೆಂಟು ಹೋಗದೆ ಎಲ್ಲಿಗೆ ಹೋದೀತು? ಮುಕ್ಕಾಲು ಗಂಟೆಯಲ್ಲಿ ಹೋಯಿತು. ಆರೂ ಮಗ್ಗ ನಿಂತವು. ಹುಡುಗಿ ನಮಗೆ ಬೆನ್ನು ಮಾಡಿ ಗೋಡೆಯ ಹತ್ತಿರ ನೂಲು ಬಿಡಿಸುತ್ತ ಕೂತಿದ್ದಳು. “ಈಗ ಕರೀರಿ” ಅಂದೆ. ಅಪ್ಪ ನಗುನಗುತ್ತಲೇ ಮಗಳಿಗೆ “ಯವ್ವಾ” ಅಂದ. ಅವಳು ತಿರುಗಲಿಲ್ಲ. “ಏ ಯವ್ವಾ!” ಅಂದ. ಮೂರನೇ ಸಲ ಎಷ್ಟು ಜೋರಾಗಿ ಕೂಗಿದನೆಂದರೆ ಪಕ್ಕದ ಮನೆಯಾಕೆ “ಏನಾತ್ರೀ?” ಎಂದು ಬಾಗಿಲಲ್ಲಿ ಇಣುಕಿದಳು. ಹುಡುಗಿ ಮಾತ್ರ ನೂಲು ಬಿಡಿಸುತ್ತಲೇ ಇದ್ದಳು. ಅಪ್ಪನ ಮುಖದ ಮೇಲಿನ ನಗು ಹೋಗಿತ್ತು.

ಅವ್ವ ಗಂಡನ ಮುಖ ನೋಡಿದಳು, ಮಗಳನ್ನು ನೋಡಿದಳು. ನನ್ನ ರಟ್ಟೆ ಹಿಡಿದು ಅಡಿಗೆ ಮನೆಗೆ ಎಳೆದುಕೊಂಡು ಹೋದಳು. “ಕೈ ಮುಗೀತೀನ್ರೀ ಅಕ್ಕೋರ, ಇದನ್ನ ಹೊರಗ ಆಡಬ್ಯಾಡ್ರೀ. ದಡ್ಡಿ ಅಂದ್ರೂ ಹುಡುಗಿ ಮದುವಿ ಆಗ್ತೈತಿ. ಕಿವುಡಿ ಅಂತ ಒಮ್ಮೆ ಹೆಸರ ಬಿತ್ತಂದ್ರ ಮುಗೀತು. ನನ್ನಾಣಿ ಮಾಡ್ರೀ.”

ಜಮಖಂಡಿಯಲ್ಲಿ ಕಿವಿಯ ಡಾಕ್ಟರು ಇದ್ದಾರೆ, ಮಷೀನು ಸಿಗುತ್ತದೆ ಎಂದೆಲ್ಲ ಹೇಳಿದೆ. ಅವಳು ತಲೆಯನ್ನೇ ಅಲ್ಲಾಡಿಸಿದಳು. ಕಿವಿಯಲ್ಲಿ ಮಷೀನು ಇಟ್ಟರೆ ಊರಿಗೆಲ್ಲ ಕಾಣುವುದಿಲ್ಲವೇ? ನಾನು ಆಣೆ ಮಾಡಿದೆ. ಮಾಡಬಾರದಿತ್ತು. ಮನೆಗೆ ಬಂದು ಪಾತ್ರೆಗಳನ್ನೆಲ್ಲ ಕುಕ್ಕಿ ಕುಕ್ಕಿ ತೊಳೆದೆ.

ಬಾಯಿ ಬಿಡುವಂತಿಲ್ಲ, ಪರೀಕ್ಷೆಗೆ ಇಪ್ಪತ್ತು ದಿನ. ಕೇಂದ್ರಕ್ಕೆ ಬರುವ ಮಕ್ಕಳಲ್ಲಿ ಇಬ್ಬರು ಹುಡುಗಿಯರು ಅವಳ ತರಗತಿಯವರೇ. “ಮಾಸ್ತರ ಹಲಗಿ ಕಡೆ ಹೊಳ್ಳಿ ನಿಂತಾಗ ಅವರು ಹೇಳಿದ್ದನ್ನ ಈಕಿಗೆ ಬಾಯಾಗ ಹೇಳ್ರಿ, ದನಿ ಬ್ಯಾಡ” ಅಂದೆ. ಯಾಕೆ ಎಂದು ಅವರು ಕೇಳಲೂ ಇಲ್ಲ. ನೇಕಾರರ ಮಕ್ಕಳು, ಹುಟ್ಟಿದಾಗಿನಿಂದ ಮಾಡಿದ್ದೇ ಅದು. ಸಂಜೆ ನಾನು ಹಲಗೆಯ ಮೇಲೆ ಬರೆಯುವಾಗ ಇಡೀ ಜಮಖಾನೆಯೇ ಅವಳಿಗೆ ಪಾಠ ದಾಟಿಸುತ್ತಿತ್ತು. ಹತ್ತೇ ದಿನದಲ್ಲಿ ಅವಳ ಶಾಲೆಯ ಪುಟಗಳು ತುಂಬತೊಡಗಿದವು. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಷ್ಟರಲ್ಲಿ ಮಾಸ್ತರರು ತುಟಿ ಅಲ್ಲಾಡಿಸುವುದನ್ನು ನೋಡಿಬಿಟ್ಟರು. ತರಗತಿಯಲ್ಲಿ ಹರಟೆ, ಮೇಲೆ ನಕಲು ಎಂದು ಮೂವರನ್ನೂ ಬೇರೆ ಬೇರೆ ಮಾಡಿ, ನಮ್ಮ ಹುಡುಗಿಯನ್ನು ಕಟ್ಟಕಡೆಯ ಬೆಂಚಿಗೆ ತಳ್ಳಿದರು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಶಾಲೆಯಲ್ಲಿ ಪಾಲಕರ ಸಭೆ. ನಾನೂ ಹೋದೆ. ಅರ್ಧ ಓಣಿಯೇ ಅಲ್ಲಿತ್ತು. ಹುಡುಗಿ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು, ಅವಳವ್ವ ಹೆಂಗಸರ ನಡುವೆ, ಅಪ್ಪ ಬಾಗಿಲ ಕಡೆ. ಮಾಸ್ತರರು ನಮಗೆ ಬೆನ್ನು ಮಾಡಿ ಹಲಗೆಯ ಮೇಲೆ ಪರೀಕ್ಷೆಯ ವೇಳಾಪಟ್ಟಿ ಬರೆಯುತ್ತಲೇ, ನಕಲು ಮಾಡುವ ಮಕ್ಕಳ ಬಗ್ಗೆ ಹೇಳತೊಡಗಿದರು. ನಮ್ಮ ಹುಡುಗಿಯ ಹೆಸರೂ ಬಂತು. ಇಂಥ ದಡ್ಡ ಮಕ್ಕಳನ್ನು ಮನೆಗೆಲಸಕ್ಕಾದರೂ ಹಚ್ಚಿರಿ ಎಂದರು. ಎಲ್ಲರೂ ಅವಳವ್ವನ ಕಡೆ ತಿರುಗಿದರು. ಅಪ್ಪ ತಲೆ ತಗ್ಗಿಸಿದ. ನನ್ನ ನಾಲಿಗೆಯ ತುದಿಗೆ ಬಂದಿತ್ತು, ಆಣೆ ನೆನಪಾಗಿ ಹಲ್ಲು ಕಚ್ಚಿದೆ.

ಅವಳವ್ವ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿದಳು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಸರ, ಇತ್ತ ಮಾರಿ ಮಾಡಿ ಹೇಳ್ರೀ.”

ಮಾಸ್ತರರು ಬಳಪ ಹಿಡಿದುಕೊಂಡೇ ತಿರುಗಿದರು.

“ನನ್ನ ಮಗಳಿಗೆ ಕಿವಿ ಕೇಳಾಂಗಿಲ್ರೀ. ನೀವು ಹಲಗಿ ಕಡೆ ಮಾರಿ ಮಾಡಿ ಹೇಳಿದ್ರ ಅಕಿಗೆ ಹ್ಯಾಂಗ ತಿಳೀಬೇಕು?” ಅವಳ ಗಟ್ಟಿ ದನಿ ವರಾಂಡದ ಆಚೆಗೂ ಮುಟ್ಟಿತು. “ನನಗೂ ಕೇಳಾಂಗಿಲ್ರೀ. ಈಗ ನೀವು ಏನ ಅಂದ್ರಿ ಅದೂ ಕೇಳಿಲ್ಲ, ಮಂದಿ ಮಾರಿ ನೋಡಿ ತಿಳಕೊಂಡೆ. ನನ್ನೂ ದಡ್ಡಿ ಅಂದ್ರು, ನಾಕನೇ ಕ್ಲಾಸಿಗೇ ಸಾಲಿ ಬಿಡಿಸಿದ್ರು. ನಾ ದಡ್ಡಿ ಇರಲಿಲ್ರೀ.”

ಎರಡು ತಿಂಗಳು ಬಾಯಿ, ಹಲ್ಲು, ಕಣ್ಣು ಎಂದು ಪತ್ತೇದಾರಿ ಮಾಡಿದ್ದೆ. ಅಡಿಗೆ ಮನೆಯಲ್ಲಿ ನನ್ನೆದುರೇ ನಿಂತು ಕೈ ಮುಗಿದವಳ ಬಗ್ಗೆ ನನಗೆ ಸುಳಿವೂ ಹತ್ತಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಬಾಗಿಲ ಹತ್ತಿರ ಅವಳ ಗಂಡ ಹೆಂಡತಿಯನ್ನೇ ನೋಡುತ್ತಿದ್ದ. ಹದಿನಾಲ್ಕು ವರ್ಷದ ಸಂಸಾರ, ಅವನಿಗೂ ಗೊತ್ತಿರಲಿಲ್ಲ. ಅವನು ಕೂತವರನ್ನು ದಾಟಿಕೊಂಡು ಮುಂದೆ ಬಂದ, ಅವಳ ಎದುರಿಗೆ ನಿಂತ. ದನಿಯಿಲ್ಲದೆ, ಬರೀ ತುಟಿಯಲ್ಲಿ, ಏನೋ ಹೇಳಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನನಗೆ ತಡೆಯಲಾಗಲಿಲ್ಲ. ಹುಡುಗಿಯ ಭುಜ ತಟ್ಟಿ, ನನ್ನ ಮುಖ ಅವಳಿಗೆ ಕಾಣುವ ಹಾಗೆ ಬಗ್ಗಿ ಕೇಳಿದೆ, “ನಿಮ್ಮಪ್ಪ ಏನಂದ್ರು?”

“ಸಾಲಿ ಬಿಡಸಾಂಗಿಲ್ಲಂತ್ರೀ” ಅಂದಳು. ಆಮೇಲೆ, “ನಾಳಿ ಜಮಖಂಡಿ ದವಾಖಾನಿಗೆ ಅವ್ವಾನ್ನೂ ಕರ್ಕೊಂಡ ಹೋಗ್ತಾರಂತ.”