ಬುರುಡೆ ಮಾವನ ನಡುನೀರು

ಬಿಟ್ಟಿ ಸಿಕ್ಕಿತೆಂದರೆ ನನ್ನ ಬುದ್ಧಿ ನೆಟ್ಟಗಿರುವುದಿಲ್ಲ. ಗಡಿ ನದಿಯ ಗುಂಟ ಪ್ರಯಾಣ ಮಾಡಿ ಬರೆಯಬೇಕೆಂದು ಹೊರಟವಳು ನಾನು. ಬಸ್ಸಿನ ಧೂಳು ಕುಡಿದು ಸಾಕಾಗಿ ದೋಣಿಕಟ್ಟೆಯಲ್ಲಿ ಕೂತಿದ್ದಾಗ, ಇಲಾಖೆಯ ಮೋಟಾರು ದೋಣಿ ನಡೆಸುವ ಮುದುಕರೊಬ್ಬರು ತಾವಾಗಿಯೇ ಬಂದು, "ಬೆಳಿಗ್ಗೆ ಕೆಳಗಿನ ಕಟ್ಟೆ ತನಕ ಹೋಗ್ತೀನಿ, ಬರ್ತೀರೇನಮ್ಮಾ?" ಎಂದರು. ಹಿಗ್ಗಿ ಹೀರೇಕಾಯಿಯಾದೆ. ಅವರು ನನ್ನ ಮುಖ ನೋಡದೆ ಎತ್ತರ, ಭುಜ, ಮೈಕಟ್ಟು ಅಳೆಯುತ್ತಿದ್ದರೆಂಬುದು ಆಗ ಹೊಳೆಯಲಿಲ್ಲ.

ಊರಿಗೆಲ್ಲ ಅವರು ಬುರುಡೆ ಮಾವ. ಗಡಿ ಎಲ್ಲಿದೆಯೆಂದು ತೋರಿಸಲು ನದಿಯ ನಡುವೆ ಉದ್ದಕ್ಕೂ ಕೆಂಪು ಬಣ್ಣದ ಕಬ್ಬಿಣದ ಬುರುಡೆಗಳನ್ನು ತೇಲಿಬಿಟ್ಟಿದ್ದಾರೆ. ಒಂದೊಂದಕ್ಕೂ ತಳದಲ್ಲಿ ಕಾಂಕ್ರೀಟಿನ ಗುಂಡು, ನಡುವೆ ಸರಪಳಿ. ಪ್ರವಾಹ ಎಳೆದೊಯ್ದದ್ದನ್ನು ಮತ್ತೆ ಜಾಗಕ್ಕೆ ತರುವುದು, ಸರಪಳಿಗೆ ಸುತ್ತಿಕೊಂಡ ಕಳೆ ಕೀಳುವುದು, ಬಣ್ಣ ಬಳಿಯುವುದು ಮಾವನ ಕೆಲಸ. ಮೀಸೆ ಚಿಗುರುವ ವಯಸ್ಸಿಗೇ ಕೆಲಸಕ್ಕೆ ಸೇರಿದವರು. ಈಗ ಆ ಮೀಸೆ ಪೂರ್ತಿ ಬೆಳ್ಳಗಾಗಿದೆ. ಅಂಗೈಯ ಗೆರೆಗಳಲ್ಲಿ ಕೆಂಪು ಬಣ್ಣ ಕೂತೇಬಿಟ್ಟಿದೆ.

"ಬುರುಡೆ ಕಾಯೋದಕ್ಕೆ ಈ ಹೆಸರೋ, ಬುರುಡೆ ಬಿಡೋದಕ್ಕೋ?" ಎಂದು ಕೆಣಕಿದೆ.

"ಎರಡನ್ನೂ ಮಾಡ್ತೀನಮ್ಮ. ಎರಡನೇದಕ್ಕೆ ಭಾನುವಾರಾನೂ ರಜಾ ಇಲ್ಲ," ಎಂದು ನಕ್ಕರು.

ದೋಣಿ ಹೊರಟಿತು. ತಗಡಿನ ಪುಟ್ಟ ಕೋಣೆಯಲ್ಲಿ ಬಣ್ಣದ ಡಬ್ಬಗಳು, ಸ್ಪ್ಯಾನರುಗಳು, ಮಸಿ ಹಿಡಿದ ಕೆಟಲು, ಒಂದು ಸ್ಟೂಲು. ಚುಕ್ಕಾಣಿ ಹಿಡಿದು ಮಾವ ತಮ್ಮ ಮಗಳ ಕಥೆ ತೆಗೆದರು. ಅವಳನ್ನು ಎದುರು ದಡದ ದೋಣಿಯವನಿಗೆ ಕೊಟ್ಟಾಗ ಸೇತುವೆ ಇತ್ತು. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಿತ್ತು. ಆಮೇಲೆ ಎರಡು ಸರ್ಕಾರಗಳೂ ಮುಖ ತಿರುಗಿಸಿಕೊಂಡವು. ಸೇತುವೆ ಮುಚ್ಚಿತು, ಟಪಾಲು ನಿಂತಿತು, ಫೋನೂ ಸತ್ತಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು, ಅಷ್ಟೆ.

ನಡುನೀರಿನ ತನಕ ಎರಡೂ ಕಡೆಯ ದೋಣಿಗಳು ಬರಬಹುದು. ನಿಲ್ಲುವಂತಿಲ್ಲ, ಲಂಗರು ಹಾಕುವಂತಿಲ್ಲ. ಹೊಳೆಯ ಜನ ಕಡಿಮೆಯವರೇ? ಮೇಲಿನ ತಿರುವಿನಲ್ಲಿ ಎಂಜಿನ್ ಆರಿಸಿ, ಬುರುಡೆ ಸಾಲಿನ ಆಚೆಗೊಂದು ಈಚೆಗೊಂದು ದೋಣಿಯನ್ನು ನೀರಿನ ಪಾಡಿಗೆ ತೇಲಬಿಡುತ್ತಾರೆ. ನಿಂತಂತೆಯೂ ಅಲ್ಲ, ಹೋದಂತೆಯೂ ಅಲ್ಲ. ಕಾವಲು ಗೋಪುರದಿಂದ ಸೀಟಿ ಬೀಳುವ ತನಕ ಮಾತು. ಹೊಳೆ ತುಂಬಿದ್ದರೆ ಮಾತು ಮೊಟಕು, ಇಳಿದಿದ್ದರೆ ಉದ್ದ. ಸಂಬಂಧ ಕುದುರಿಸುವುದರಿಂದ ಹಿಡಿದು ದಾಯಾದಿ ಜಗಳದ ತನಕ ಎಲ್ಲವೂ ಹೀಗೆ ತೇಲಿಕೊಂಡೇ ಆಗುತ್ತವಂತೆ. ಪುಸ್ತಕಕ್ಕೆ ಒಳ್ಳೆಯ ಸರಕು ಸಿಕ್ಕಿತೆಂದು ನಾನು ಕಿವಿಯಾಗಿ ಕೂತೆ.

ಆಗ ಮಾವ ಮೊಳೆಯಲ್ಲಿ ನೇತುಹಾಕಿದ್ದ ಕಂದು ಶಾಲು ತೆಗೆದು ನನ್ನ ಮಡಿಲಿಗಿಟ್ಟರು.

"ಇದನ್ನ ತಲೆ ಮೇಲೆ ಹೊದ್ಕೊಂಡು, ಆಚೆ ದಡದ ಕಡೆ ಬೆನ್ನು ಮಾಡಿ ಕೂತಿರಿ ತಾಯಿ. ನಾನು ಹೇಳಿದಾಗ ಕೈ ಎತ್ತಿ. ಮಾತು ಮಾತ್ರ ಬೇಡ."

"ಯಾಕೆ?"

"ನನ್ನ ಹೆಂಡತೀದು. ಮಳೆಗಾಲದಲ್ಲಿ ಹೋಗಿಬಿಟ್ಟಳು. ಮಗಳಿಗೆ ಗೊತ್ತಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿಮಗೇನು ತಲೆ ಕೆಟ್ಟಿದೆಯೇನ್ರಿ? ಹೆತ್ತ ತಾಯಿ ಸತ್ತದ್ದನ್ನ ಮಗಳಿಗೆ ಮುಚ್ಚಿಡೋದಾ? ಅದಕ್ಕೆ ನಾನು ವೇಷ ಹಾಕಬೇಕಾ?"

ಅವರು ಬೈಸಿಕೊಂಡರು. ಆಮೇಲೆ ಹೇಳಿದರು. "ಇಲ್ಲಿ ಹುಟ್ಟಿದೋರು ವಾಪಸ್ ಬರಬಹುದು ತಾಯಿ, ಯಾರೂ ತಡೆಯಲ್ಲ. ಒಂದು ಸಲ ಬಂದರೆ ಆ ಕಡೆಯೋರು ಮತ್ತೆ ಸೇರಿಸಲ್ಲ. ನಮ್ಮ ಬೀದಿ ದರ್ಜಿ ತಂಗಿ ಅಪ್ಪ ಸತ್ತ ಅಂತ ಎದ್ದು ಬಿದ್ದು ಓಡಿಬಂದಳು. ಮಕ್ಕಳು ಅಲ್ಲೇ ಉಳಿದವು. ಈಗ ದಿನಾ ಸಂಜೆ ದಡದಲ್ಲಿ ನಿಂತಿರ್ತಾಳೆ. ನನ್ನ ಮಗಳಿಗೂ ಎರಡು ಪುಟ್ಟವು ಇವೆ. ಅಮ್ಮ ಅಂದ್ರೆ ಜೀವ ಬಿಡ್ತಾಳೆ. ಗೊತ್ತಾದರೆ ಹಿಂದೆ ಮುಂದೆ ನೋಡದೆ ಈ ದೋಣಿಗೆ ಹಾರಿಬಿಡ್ತಾಳೆ."

ಒಂದು ಸಲ ಅಮ್ಮನಿಗೆ ಜ್ವರವೆಂದರಂತೆ, ಇನ್ನೊಂದು ಸಲ ಕಾಲುನೋವೆಂದರಂತೆ. ಈ ಸಲ ಅಮ್ಮನನ್ನು ಕರೆತರದಿದ್ದರೆ ನೋಡು ಎಂದು ಮಗಳು ಗದರಿದ್ದಾಳೆ. ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಎನ್ನುತ್ತಾರಲ್ಲ, ಆ ನೂರನೆಯದು ನಾನು. ಎದ್ದು ಹೋಗೋಣವೆಂದರೆ ಸುತ್ತ ನೀರು. ಮುದುಕರ ಮುಖ ನೋಡಿದೆ. ಬೈಯುತ್ತಲೇ ಶಾಲು ಹೊದ್ದೆ. ಅದರಲ್ಲಿ ಇನ್ನೂ ಸೋಪಿನ ವಾಸನೆ ಇತ್ತು.

ತಿರುವು ಬಂತು. ಮಾವ ಎಂಜಿನ್ ಆರಿಸಿದರು. ಆ ಕಡೆ ಇನ್ನೊಂದು ಎಂಜಿನ್ ಗುಟುರು ಹಾಕಿ ನಿಂತಿತು.

"ಅಪ್ಪಾ! ಅಮ್ಮ ಬಂದಿದಾಳಾ?"

"ಒಳಗೆ ಕೂತಿದಾಳೆ ನೋಡು! ಗಾಳಿ ಆಗಲ್ಲ ಅವಳಿಗೆ, ಗಂಟಲು ಬೇರೆ ಕಟ್ಟಿದೆ. ಏ, ಕೈ ಎತ್ತೇ!"

ಎತ್ತಿದೆ.

"ಅಮ್ಮಾ!"

ಹೆತ್ತವಳೆಂದು ನನ್ನನ್ನು ಯಾರೂ ಹಾಗೆ ಕರೆದವರಿಲ್ಲ. ಯಾರದೋ ಬಾಯಿಯ ತುತ್ತನ್ನು ಕಿತ್ತು ತಿಂದಂತಾಯಿತು. ಶಾಲಿನೊಳಗೆ ತುಟಿ ಕಚ್ಚಿಕೊಂಡು ಕೂತೆ.

ಹೊಳೆ ಇಳಿದಿತ್ತು, ದೋಣಿಗಳು ನಿಧಾನವಾಗಿ ತೇಲುತ್ತಿದ್ದವು. ಆಮೇಲೆ ಮಗಳ ದನಿ ತೀರ ಹತ್ತಿರದಿಂದ ಬಂತು. "ಅಪ್ಪಾ, ಸರಿದು ನಿಂತ್ಕೊ. ನಾನು ಬರ್ತಿದೀನಿ."

"ಎಲ್ಲಿಗೆ?"

"ಮನೆಗೆ. ಬಟ್ಟೆ ತಂದಿದೀನಿ. ಮಳೆ ನಿಂತಾಗಿಂದ ಒಂದಲ್ಲ ಒಂದು ಕಾಯಿಲೆ ಹೇಳ್ತೀಯ. ಇವತ್ತು ನೋಡಿದ್ರೆ ನನ್ನ ಕಡೆ ತಿರುಗೋಕೂ ಶಕ್ತಿ ಇಲ್ಲ ಅವಳಿಗೆ. ಒಂದು ಲೋಟ ಬಿಸಿನೀರು ಕಾಯಿಸಿಕೊಡೋರು ಯಾರು, ನೀನಾ? ಮತ್ತೆ ಆ ಕಡೆ ಸೇರಿಸಲ್ಲ ಅಂತ ಗೊತ್ತು, ಮಕ್ಕಳನ್ನ ಅತ್ತೆ ನೋಡ್ಕೋತಾರೆ. ಇವರಿಗೂ ಹೇಳಿ ಒಪ್ಪಿಸಿದೀನಿ."

ಕತ್ತು ಹೊರಳಿಸಿ ಓರೆಗಣ್ಣಲ್ಲಿ ನೋಡಿದೆ. ಖಾಲಿ ಬುಟ್ಟಿಗಳ ನಡುವೆ ತಲೆ ತಗ್ಗಿಸಿ ಚುಕ್ಕಾಣಿ ಹಿಡಿದ ಗಂಡ. ಮುಂದುಗಡೆ ಅವಳು, ಹೆಗಲಲ್ಲಿ ಬಟ್ಟೆಯ ಚೀಲ, ಒಂದು ಕಾಲು ಆಗಲೇ ದೋಣಿಯ ಅಂಚಿನ ಮೇಲೆ. ಎರಡು ದೋಣಿಗಳ ನಡುವೆ ಒಂದೇ ನೆಗೆತಕ್ಕೆ ದಾಟುವಷ್ಟು ನೀರು ಮಾತ್ರ ಉಳಿದಿತ್ತು. ಅವಳನ್ನು ಆ ದಡದಲ್ಲೇ ಉಳಿಸಲೆಂದು ಹೇಳಿದ ಕಾಯಿಲೆಯೇ ಅವಳನ್ನು ಈ ದಡಕ್ಕೆ ಎಳೆಯುತ್ತಿತ್ತು. ಇಷ್ಟು ಹೊತ್ತು ಪಟಪಟ ಸುಳ್ಳು ಹೇಳಿದ ಮಾವ ಬಾಯಿ ತೆರೆದರು, ಮುಚ್ಚಿದರು.

"ಬಾಯಿ ಬಿಡ್ರೀ ಮಾವ!" ಎಂದು ಕಿರುಚಿ ಎದ್ದು ನಿಂತೆ.

"ಬರಬೇಡ ಮಗಳೇ! ಅಮ್ಮ ಇಲ್ಲ. ನಿಮ್ಮಮ್ಮ ಇಲ್ಲ ಕಣೇ. ಮಳೆಗಾಲದಲ್ಲೇ ಹೋದಳು."

ನನ್ನ ತಲೆಯಿಂದ ಶಾಲು ಜಾರಿ ಬಿತ್ತು. ಅವಳು ನನ್ನನ್ನು ನೋಡಿದಳು. ಗಡಿ ಠಾಣೆಗಳಲ್ಲಿ ನನ್ನನ್ನು ಕಳ್ಳಿಯಂತೆ ನೋಡಿದವರು ಬೇಕಾದಷ್ಟಿದ್ದಾರೆ. ಯಾರ ನೋಟಕ್ಕೂ ನಾನು ಹೀಗೆ ಕುಗ್ಗಿರಲಿಲ್ಲ. ಗಂಡ ಬಂದು ತೋಳು ಹಿಡಿದ. ಅವಳು ಕಾಲು ತೆಗೆದು ಬುಟ್ಟಿಯೊಂದರ ಮೇಲೆ ಕುಸಿದು ಕೂತಳು.

"ನನ್ನ ಕೇಳಿದಳಾ?"

"ದಿನಾ ಕೇಳಿದಳು." ಮಾವ ಈಗ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. "ಕೊನೇಲಿ ಮಾತ್ರ, ಹೊಳೆ ತುಂಬಿದೆ, ಮಗೂನ ಕರೀಬೇಡಿ ಅಂದಳು."

ಗೋಪುರದಿಂದ ಸೀಟಿ ಬಿತ್ತು. ಮತ್ತೊಮ್ಮೆ ಬಿತ್ತು. ಎರಡೂ ಎಂಜಿನ್‌ಗಳು ಶುರುವಾದವು, ನಡುವಿನ ನೀರು ಅಗಲವಾಗತೊಡಗಿತು. ಆಗ ಅವಳು ಎದ್ದು ನಿಂತು ನನ್ನತ್ತ ಕೂಗಿದಳು.

"ನೀವು ಯಾರೋ ಗೊತ್ತಿಲ್ಲ! ಆ ಶಾಲು ಮತ್ತೆ ಹೊದ್ಕೊಳ್ಳಿ! ಮೊದಲಿನ ಹಾಗೇ ಆ ಕಡೆ ತಿರುಗಿ ಕೂತ್ಕೊಳ್ಳಿ. ದೋಣಿ ಮರೆಯಾಗೋ ತನಕ!"

ಶಾಲು ಹೊದ್ದು, ಬೆನ್ನು ತಿರುಗಿಸಿ ಕೂತು, ಯಾರೂ ಹೇಳದೆ ಕೈ ಎತ್ತಿದೆ. ಮಾವ ಎಂಜಿನ್ ತಗ್ಗಿಸಿ ಆದಷ್ಟು ನಿಧಾನವಾಗಿ ದೋಣಿ ನಡೆಸಿದರು. ಹಿಂದಿನಿಂದ ಅವಳು ಅಮ್ಮಾ ಎಂದು ಕರೆದಳು. ಮತ್ತೆ ಕರೆದಳು. ಮಾತಾಡಬೇಡಿ ಎಂದಿದ್ದ ಮಾವ ಈಗ ನನ್ನ ಮುಖವನ್ನೇ ನೋಡುತ್ತಿದ್ದರು.

ನಾನು "ಓ" ಎಂದೆ.