ಕೆಂಪು ಕಾರಿಗೆ ನಾನು ಕೂರಿಸಿದ ಬಾಲ

ರಾಜಧಾನಿಯ ಮೆಟ್ರೊ ಇನ್ನೂ ದ್ವಾರಕಾ ತಲುಪಿರಲಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ್ದ ನಾನು ಓಖ್ಲಾದ ಫೈಬರ್ ಕಾರ್ಖಾನೆಯೊಂದರಲ್ಲಿ ಸ್ನಾನದ ತೊಟ್ಟಿಗಳ ನಕ್ಷೆ ಬರೆಯುತ್ತಿದ್ದೆ. ಅಚ್ಚು ಎರೆಯುವ ಕಡೆ ಸುಳಿಯಬಾರದೆಂದು ಮಾಲೀಕ ಮೊದಲ ದಿನವೇ ಹೇಳಿದ್ದ. ಫೈಬರಿಗೆ ಹಚ್ಚುವ ರೆಸಿನ್ ಅಂಟಿನ ವಾಸನೆ ಹುಡುಗಿಯರಿಗಲ್ಲವಂತೆ.

ಒಂದು ದಿನ ವಾಯುಪಡೆಯಿಂದ ನಿವೃತ್ತರಾದ ಕನ್ನಡದ ಹಿರಿಯರೊಬ್ಬರು ಅಲ್ಲಿಗೆ ಬಂದರು. ಇಟಲಿಯ ಹಳೆಯ ಸ್ಪೋರ್ಟ್ಸ್ ಕಾರೊಂದರ ಪ್ರತಿರೂಪವನ್ನು ದ್ವಾರಕಾದ ತಮ್ಮ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ್ದರು. ವೇಗ ಹೆಚ್ಚಿದರೆ ಗಾಳಿ ಅದರ ಹಿಂಭಾಗವನ್ನು ಎತ್ತುತ್ತಿತ್ತು, ತಿರುವಿನಲ್ಲಿ ಚಕ್ರ ಜಾರುತ್ತಿತ್ತು. ಅದನ್ನು ತಡೆಯಲು ಡಿಕ್ಕಿಯ ಅಂಚಿಗೆ ಬಾತುಕೋಳಿಯ ಬಾಲದಂಥ ಒಂದು ಸ್ಪಾಯ್ಲರ್ ಬೇಕಿತ್ತು. "ಇಂಥ ಆಟಿಕೆ ಕೆಲಸ ನಾವು ಮಾಡೋದಿಲ್ಲ" ಎಂದು ಮಾಲೀಕ ಅವರನ್ನು ಸಾಗಹಾಕಿದ. ನಾನು ಗೇಟಿನವರೆಗೆ ಅವರ ಹಿಂದೆ ಓಡಿದೆ.

"ಸಾರ್, ನಾನು ಮಾಡಿಕೊಡ್ತೀನಿ."

"ಮುಂಚೆ ಮಾಡಿದ್ದೀಯೇನಮ್ಮಾ?"

"ಇಲ್ಲ. ಆದ್ರೆ ಮಾಡ್ತೀನಿ."

ಭಾನುವಾರಗಳೆಲ್ಲ ಅವರ ಗ್ಯಾರೇಜಿನಲ್ಲಿ ಕಳೆದವು. ಥರ್ಮೋಕೋಲ್ ಕೆತ್ತಿ ಆಕಾರ ಮಾಡಿ ರೆಸಿನ್ ಹಚ್ಚಿದೆ. ಕಣ್ಣೆದುರೇ ಅದು ಕರಗಿ ಮುದ್ದೆಯಾಯಿತು. ಕಾರ್ಖಾನೆಯ ಹಳೆಯ ಮಿಸ್ತ್ರಿಯನ್ನು ಗುಟ್ಟಾಗಿ ಕೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅರೇ ಮೇಡಮ್‌ಜೀ, ಪಹಲೇ ಪ್ಲಾಸ್ಟರ್!" ಎಂದ. ಮೊದಲು ಪ್ಲಾಸ್ಟರ್ ಬಳಿದರೆ ಥರ್ಮೋಕೋಲ್ ಕರಗದಂತೆ. ಮತ್ತೆ ಕೆತ್ತಿದೆ. ಪ್ಲಾಸ್ಟರ್ ಬಳಿದು, ಉಜ್ಜಿ, ಮೇಣ ಸವರಿ ಅಚ್ಚು ತೆಗೆದೆ.

ಅಂಗೈಯಲ್ಲಿ ಒಣಗಿ ಅಂಟಿದ್ದ ರೆಸಿನ್ ಮಾಲೀಕನ ಕಣ್ಣಿಗೆ ಬಿತ್ತು. ಅಂದು ನಾನು ಗೇಟಿನವರೆಗೆ ಓಡಿದ್ದು ಅವನಿಗೆ ನೆನಪಿತ್ತು.

"ಆ ಕಾರೋ, ಈ ನೌಕರಿಯೋ?"

"ಕಾರು" ಎಂದೆ. ಊಟದ ಡಬ್ಬಿ, ಸ್ಕೇಲು ಎತ್ತಿಕೊಂಡು ಹೊರಬಿದ್ದೆ.

ಮೂವತ್ತು ವರ್ಷ ಒಂದೇ ಸಚಿವಾಲಯದಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ನಂಬಲಾಗಲಿಲ್ಲ. "ಕಾರಿನ ಬಾಲಕ್ಕೋಸ್ಕರ ಕೆಲಸ ಬಿಟ್ಯಾ?"

"ಹೌದಪ್ಪಾ, ಬಿಟ್ಟೆ."

ಮಾಲೀಕನ ಬಳಿ ಕ್ಷಮೆ ಕೇಳಲು ಹೋಗಲಿಲ್ಲ.

ಬಾಲ ಕೂರಿಸಿದ ಬೆಳಿಗ್ಗೆ ಸಾರ್ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ಜಾರಿದ್ದ ತಿರುವಿಗೇ ಅಷ್ಟೇ ವೇಗದಲ್ಲಿ ನುಗ್ಗಿದರು. ಕಾರು ರಸ್ತೆಯನ್ನು ಕಚ್ಚಿ ಹಿಡಿದಿತ್ತು. ಅವರು ಹಿಂದಿರುಗಿ ಬಂದು ಮತ್ತೊಮ್ಮೆ ಅದೇ ತಿರುವು ತೆಗೆದುಕೊಂಡರು.

ಆ ಚಳಿಗಾಲ ಗುಡಗಾಂವ್‌ನಲ್ಲಿ ಹಳೆಯ ಕಾರುಗಳ ರ‍್ಯಾಲಿ ನಡೆಯಿತು. ವ್ಯವಸ್ಥಾಪಕರೊಬ್ಬರು ನಮ್ಮ ಕಾರಿನ ಬಾಲವನ್ನು ಬೆರಳಿನಿಂದ ತಟ್ಟಿದರು.

"ಒರಿಜಿನಲ್‌ನಲ್ಲಿ ಇದು ಇರಲಿಲ್ಲ. ಬಿಚ್ಚಿಸಿ."

ಸಾರ್ ನನ್ನ ಮುಖ ನೋಡಿದರು.

"ಬಿಚ್ಚಲ್ಲ" ಎಂದೆ. "ಇಡೀ ಕಾರೇ ನಕಲು. ಇದರಲ್ಲಿ ಒರಿಜಿನಲ್ ಅಂತ ಇರೋದು ಇದೊಂದೇ."

ಬಹುಮಾನದ ಪಟ್ಟಿಯಿಂದ ನಮ್ಮನ್ನು ತೆಗೆದು, ಸಾಲಿನ ಕಟ್ಟಕಡೆಗೆ ನಿಲ್ಲಿಸಿದರು. ಸಾರ್ ಕೀಲಿಯನ್ನು ನನ್ನ ಕೈಗಿಟ್ಟು, ಆಚೆ ಬದಿಗೆ ಹೋಗಿ ಕೂತರು.

"ನೀನೇ ಓಡಿಸಮ್ಮಾ."

ಅಷ್ಟು ದೊಡ್ಡ ಎಂಜಿನ್ನಿನ ಕಾರು ನಾನು ಎಂದೂ ಓಡಿಸಿರಲಿಲ್ಲ. ಗೇರ್ ಹಾಕಿದೆ.