ಯಾರ ಮಗ ಎಂದು ಕೇಳಿದ ಸಮುದ್ರ

ಗುಂಡ್ಲುಪೇಟೆಯ ನಮ್ಮ ಬೀದಿಯ ಕ್ಷೌರಿಕರೊಬ್ಬರು ಅರಿಶಿನದ ಲಾರಿ ಹತ್ತಿ ಒಮ್ಮೆ ಕಲ್ಲಿಕೋಟೆಯ ಸಮುದ್ರ ನೋಡಿ ಬಂದಿದ್ದರು. ಅಂದಿನಿಂದ ಗಾಳಿ ಬೀಸಿದರೆ ಸಾಕು, ಕತ್ತಿ ನಿಲ್ಲಿಸಿ ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಳ್ಳುತ್ತಿದ್ದರು.

“ಒಸಿ ತಡಿ, ಅಲೆ ಬತ್ತದ.”

ಗಿರಾಕಿ ಅರ್ಧ ಗಡ್ಡದಲ್ಲೇ ಕಾಯಬೇಕು. ಇನ್ನೊಮ್ಮೆ ಹೋಗುವ ಆಸೆ ಅವರಿಗೆ, ಜೊತೆಗೆ ಒಂದು ಭಯ.

“ಬಾಳ ದಿನ ಆಯ್ತು ಕಣಪ್ಪ. ಅದು ನನ್ನ ಮರ್ತೇಬುಟ್ಟಿರ್ತದ.”

ನಮ್ಮ ವಂಶದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಚಾಮರಾಜನಗರದಲ್ಲಿ ಕೆಲಸ ಸಿಕ್ಕಿದ ಮೇಲೆ, ಚಿಕ್ಕಂದಿನಿಂದ ನಮ್ಮ ಮನೆಯವರಿಗೆಲ್ಲ ಕ್ಷೌರ ಮಾಡುತ್ತಿದ್ದ ಅವರನ್ನು ಕಲ್ಲಿಕೋಟೆಗೆ ಕರೆದೊಯ್ದೆ. ಬಸ್ಸಿನಲ್ಲೂ ಅವರು ಪಂಚೆ ಇಳಿಸಲಿಲ್ಲ.

ದಡದಲ್ಲಿ ಕೈಮುಗಿದು ನಿಂತರು. ಸಣ್ಣ ಅಲೆಯೊಂದು ಬಂದು ಅವರ ಹೆಬ್ಬೆರಳು ಮುಟ್ಟಿ ಹೋಯಿತು.

“ಗುರ್ತು ಇಡೀತು ಬುಡು” ಎಂದು ಕಣ್ಣೊರೆಸಿಕೊಂಡರು.

ಮುಂದಿನ ಅಲೆ ನನ್ನನ್ನು ಹೊಸ ಪ್ಯಾಂಟಿನ ಸಮೇತ ಕೆಡವಿತು.

“ನೀನು ಒಸಬ ಅಲ್ವಾ? ಯಾರ ಮಗ ಅಂತ ಕೇಳ್ತಾ ಅದ, ಯೋಳು.”

ನೀರಲ್ಲಿ ಕೂತೇ ಅಪ್ಪನ ಹೆಸರು ಹೇಳಿದೆ.